ಒಳ್ಳೆಯ ಮನಸ್ಸೊಂದೇ ಸಾಕೆ?



ಬೆಳಿಗ್ಗೆ ಕಸದ ಗಾಡಿ ಬೀದಿಯ ತಿರುವಿಗೆ ಬಂದ ಸದ್ದು ಕೇಳಿದೊಡನೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತು. ಏಕೆಂದರೆ ನಮ್ಮ ಗುರುನಿವಾಸದಲ್ಲೂ ಅದೇ ನಡೆಯುತ್ತದೆ. ಅಡುಗೆಮನೆಯ ಮೂಲೆಯಲ್ಲಿದ್ದುದನ್ನೆಲ್ಲ ಬಾಚಿ, ಯಾವುದು ಹಸಿ ಯಾವುದು ಒಣ ಎಂದು ಅರೆನಿಮಿಷ ಯೋಚಿಸಿ, ಅನುಮಾನ ಬಂದದ್ದನ್ನೆಲ್ಲ ‘ಇರಲಿ, ಹೇಗೂ ಮರುಬಳಕೆ ಮಾಡುತ್ತಾರೆ’ ಎಂದು ಒಣ ಕಸದ ಚೀಲಕ್ಕೆ ತುರುಕಿ ಓಡುತ್ತೇವೆ. ಗಾಡಿ ಹೋದ ಮೇಲೆ ಮನಸ್ಸಿಗೆ ಒಂದು ಸಮಾಧಾನ, ನಮ್ಮ ಕರ್ತವ್ಯ ಮುಗಿಯಿತು ಎಂದು.

ಕೆಲವು ತಿಂಗಳ ಹಿಂದೆ ನನ್ನ ಆ ಸಮಾಧಾನ ಕೆಟ್ಟಿತು. ಹಿಂದಿನ ರಾತ್ರಿ ಉಪ್ಪಿನಕಾಯಿಯ ಬಾಟಲಿಯೊಂದು ಕೈಜಾರಿ ಒಡೆದಿತ್ತು. ಗಾಜನ್ನು ಕರಗಿಸಿ ಮತ್ತೆ ಮತ್ತೆ ಗಾಜು ಮಾಡಬಹುದೆಂದು ನಾನು ಬಲ್ಲೆ. ಆದ್ದರಿಂದ ಚೂರುಗಳನ್ನು ಒಟ್ಟುಮಾಡಿ, ಒಳ್ಳೆಯ ಮನಸ್ಸಿನಿಂದಲೇ, ಒಣ ಕಸದ ಚೀಲಕ್ಕೆ ಹಾಕಿದ್ದೆ. ಬೆಳಿಗ್ಗೆ ಗಾಡಿಯ ಜೊತೆ ಬಂದ ಹೆಣ್ಣುಮಗಳು ಆ ಚೀಲವನ್ನು ಬಿಚ್ಚಿ ಕೈ ಹಾಕಿದರು. “ಒಂದು ಪೇಪರಲ್ಲಿ ಸುತ್ತಿ ಬೇರೆ ಕೊಡಬಾರದಾ ಸ್ವಾಮಿ?” ಎಂದಷ್ಟೇ ಹೇಳಿ, ಬೆರಳನ್ನು ಸೆರಗಿನ ತುದಿಯಿಂದ ಒತ್ತಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದರು. ನಾನು ಔಷಧಿ ತರುವಷ್ಟರಲ್ಲಿ ಗಾಡಿ ಮುಂದೆ ಹೊರಟಿತ್ತು.

ಉದ್ದೇಶ ನನ್ನದು, ಗಾಯ ಆಕೆಯದು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಒಳ್ಳೆಯ ಮನಸ್ಸಿನಿಂದ ತಪ್ಪಾಗಿ ಮಾಡಿದ ಕೆಲಸವನ್ನು ಒಳ್ಳೆಯ ಕೆಲಸವೆನ್ನಬಹುದೇ?

ಗುರುಮಠದಲ್ಲಿ ನೀತಿಶಾಸ್ತ್ರ ಕಲಿಯುವಾಗ ಅಜ್ಞಾನದಲ್ಲಿ ಎರಡು ಬಗೆ ಎಂದು ನಮಗೆ ಹೇಳಿಕೊಟ್ಟಿದ್ದರು. ಒಂದು, ಎಷ್ಟು ಪ್ರಯತ್ನಪಟ್ಟರೂ ನೀಗಿಸಿಕೊಳ್ಳಲಾಗದ ಅಜ್ಞಾನ; ಅದಕ್ಕೆ ಮನುಷ್ಯ ಹೊಣೆಯಲ್ಲ. ಇನ್ನೊಂದು, ಸ್ವಲ್ಪ ವಿಚಾರಿಸಿದ್ದರೆ ನೀಗಬಹುದಾಗಿದ್ದ ಅಜ್ಞಾನ. ಅದಕ್ಕೆ ಮನುಷ್ಯ ಹೊಣೆ. ಗೊತ್ತಿಲ್ಲದ ದಾರಿಯಲ್ಲಿ ಹೋಗುವವನು ಯಾರನ್ನಾದರೂ ಕೇಳಬೇಕು. ಕೇಳದೆ ಹೋಗಿ ಬೇರೆಯವರ ಹೊಲ ತುಳಿದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ನಮ್ಮ ಕಸದ ಚೀಲದ ಅಜ್ಞಾನ ಯಾವ ಬಗೆಯದು? ಮೂವತ್ತು ವರ್ಷಗಳ ಹಿಂದೆ ಅದು ಮೊದಲ ಬಗೆಯದಾಗಿದ್ದಿರಬಹುದು. ಇಂದು ಹಾಗೆನ್ನಲಾಗದು. 2015ರಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ಬೆಂಗಳೂರಿಗೆ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ವಿಧಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಶೌಚ ತ್ಯಾಜ್ಯದಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮರುವರ್ಷ, 2016ರಲ್ಲಿ, ಕೇಂದ್ರ ಸರ್ಕಾರದ ನಿಯಮಗಳು ಮನೆಯಲ್ಲೇ ಕಸ ವಿಂಗಡಿಸುವುದು ದೇಶದ ಪ್ರತಿ ಮನೆಯವರ ಕರ್ತವ್ಯವೆಂದು ಸಾರಿದವು.

ತಿಳಿಯಬೇಕಾದದ್ದು ದೊಡ್ಡ ವಿದ್ಯೆಯೂ ಅಲ್ಲ. ಹಾಲಿನ ಕವರನ್ನು ತೆಗೆದುಕೊಳ್ಳಿ. ಅದು ಒಂದೇ ಬಗೆಯ ಪ್ಲಾಸ್ಟಿಕ್. ತೊಳೆದು ಒಣಗಿಸಿದರೆ ಗುಜರಿಯವರು ಕಾಸು ಕೊಟ್ಟು ಕೊಳ್ಳುತ್ತಾರೆ. ತೊಳೆಯದೆ ಕಟ್ಟಿಟ್ಟರೆ ಎರಡನೆಯ ದಿನಕ್ಕೆ ಹುಳಿತು ನಾರಿ, ಜೊತೆಗಿದ್ದ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚಿಕ್ಕ ಚೂರನ್ನು ಯಾರೂ ಹೆಕ್ಕಲಾರರು, ಅದು ಚರಂಡಿಯನ್ನೋ ಮಣ್ಣನ್ನೋ ಸೇರುತ್ತದೆ. ಹಣ್ಣಿನ ರಸದ ರಟ್ಟಿನ ಡಬ್ಬಿ ಕಾಗದದಂತೆ ಕಂಡರೂ ಅದರಲ್ಲಿ ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಎಂಬ ಮೂರು ವಸ್ತುಗಳ ಪದರಗಳಿವೆ; ಹಿಂಡಿ ಚಪ್ಪಟೆ ಮಾಡಿ ಒಣ ಕಸಕ್ಕೆ ಕೊಡಿ, ಹಳೆಯ ಪತ್ರಿಕೆಗಳ ಕಟ್ಟಿನೊಳಗೆ ಸೇರಿಸಬೇಡಿ. ಚಹಾ ಕುಡಿಯುವ ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ ಲೇಪನವಿದೆ. ಎಣ್ಣೆ ಹೀರಿದ ಬಜ್ಜಿಯ ಕಾಗದವಂತೂ ಹೊಸ ಕಾಗದವಾಗಲಾರದು, ಏಕೆಂದರೆ ಕಾಗದವನ್ನು ನೀರಿನಲ್ಲಿ ಅರೆದು ಮರುತಯಾರಿಸುವಾಗ ಎಣ್ಣೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಮಕ್ಕಳ ಚಿಪ್ಸ್ ಪೊಟ್ಟಣ. ಒಳಗೆ ಬೆಳ್ಳಿಯಂತೆ ಹೊಳೆಯುವ ಆ ಹಾಳೆಯ ಪದರಗಳನ್ನು ಬಿಡಿಸಿ ಹೊಸ ವಸ್ತು ಮಾಡುವುದು ಬಹಳ ಕಷ್ಟ. ಅಂಥವುಗಳಲ್ಲಿ ಸಂಗ್ರಹವಾದಷ್ಟನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಕಳಿಸುವುದುಂಟು. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. ಆ ಗುರುತಿದ್ದರೆ ಮರುಬಳಕೆ ಖಂಡಿತ ಎಂದು ಹಲವರು ನಂಬಿದ್ದಾರೆ. ಅದು ಪ್ಲಾಸ್ಟಿಕ್‌ನ ಜಾತಿಯನ್ನು ತಿಳಿಸುವ ಗುರುತೇ ಹೊರತು ಭರವಸೆಯಲ್ಲ.

‘ಫಾದರ್, ಇಷ್ಟೆಲ್ಲ ನಾವೇ ಮಾಡಿದರೆ ಅವರಿಗೆ ಸಂಬಳ ಏಕೆ?’ ಎಂದು ಕೇಳುವವರಿದ್ದಾರೆ. ಕಸವನ್ನು ಒಯ್ಯುವುದಕ್ಕೆ ಸಂಬಳವಿದೆ. ಆದರೆ ನಾವು ಬಳಸಿ ಎಸೆದ ಶೌಚ ತ್ಯಾಜ್ಯವನ್ನು ಅನ್ನದ ಅಗುಳಿನ ನಡುವಿನಿಂದ ಬರಿಗೈಯಲ್ಲಿ ಹೆಕ್ಕಿ ತೆಗೆಯುವ ಅವಮಾನಕ್ಕೆ ಯಾವ ಸಂಬಳ ಸಾಟಿಯಾದೀತು? ವಿಂಗಡಣೆಯನ್ನು ನಾವು ಪರಿಸರಕ್ಕೆ ಮಾಡುವ ಉಪಕಾರವೆಂದು ಭಾವಿಸುತ್ತೇವೆ. ಉಪಕಾರವಾದರೆ ಮಾಡಿದರೂ ಸರಿ, ಬಿಟ್ಟರೂ ಸರಿ. ನನಗೆ ತೋರುವಂತೆ ಇದು ಉಪಕಾರವಲ್ಲ, ಋಣ. ನ್ಯಾಯವೆಂದರೆ ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು. ನಾನು ಕಟ್ಟಿದ ಚೀಲವನ್ನು ಬಿಚ್ಚುವ ಕೈಗೆ ನನ್ನಿಂದ ಸಲ್ಲತಕ್ಕದ್ದೊಂದಿದೆ: ಅದು ಕುಯ್ಯದ, ನಾರದ, ಮೋಸ ಮಾಡದ ಚೀಲ.

ಆ ಕೈಗಳ ಆಚೆಗೂ ನಮ್ಮ ಚೀಲದ ಪ್ರಯಾಣವಿದೆ. ಬೆರಕೆಯಾದ ಕಸ ಯಾರಿಗೂ ಬೇಡ. ಅದು ನಗರದ ಹೊರಗಿನ ಯಾವುದೋ ಊರಿನ ಪಾಲಾಗುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದು ಪ್ರತಿಭಟಿಸಿದ ಮೇಲೆಯೇ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಭಾರಿ ಮಳೆಗೆ ಜಾರಿ ಕೆಳಗಿನ ಮಂದಾರದ ಕಡೆಗೆ ಹರಿಯಿತು. ಮನೆಗಳೂ, ತಲೆಮಾರುಗಳಿಂದ ಸಾಕಿದ ತೆಂಗು ಅಡಿಕೆಯ ತೋಟಗಳೂ ಅದರಡಿ ಹೂತವು. ಕುಟುಂಬಗಳು ಊರು ಬಿಡಬೇಕಾಯಿತು. ಆ ಗುಡ್ಡವನ್ನು ಯಾರೋ ಒಬ್ಬ ದುಷ್ಟ ಕಟ್ಟಲಿಲ್ಲ. ನಮ್ಮ ನಿಮ್ಮಂಥ ಮರ್ಯಾದಸ್ಥರು ದಿನಕ್ಕೊಂದು ಚೀಲದಂತೆ ಕಟ್ಟಿದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕಷ್ಟೇ ಹೇಳುತ್ತೇವೆ. ಅಲಕ್ಷ್ಯಕ್ಕೂ ಅದು ಅಷ್ಟೇ ನಿಜ.

‘ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಎಲ್ಲವನ್ನೂ ಒಂದೇ ಮಾಡುತ್ತಾರೆ’ ಎಂಬುದು ಇನ್ನೊಂದು ದೂರು. ಇದು ಕೆಲವೆಡೆ ನಿಜ, ಅಲ್ಲಗಳೆಯಲಾರೆ. ಅಂಥ ಕಡೆ ಬೀದಿಯ ನಾಲ್ಕು ಮನೆಯವರು ಸೇರಿ ಕೇಳಬೇಕು. ಹಾಗೆ ಕೇಳಲು ವಿಂಗಡಿಸಿ ಕೊಟ್ಟವರಿಗಷ್ಟೇ ಬಾಯಿ ಇರುತ್ತದೆ. ಕೊಂಡೊಯ್ಯುವವರು ಬೆರೆಸಿದರೂ ಹಾಲಿನ ಕವರು, ಪತ್ರಿಕೆ, ರಟ್ಟು, ಬಾಟಲಿಗಳನ್ನು ಗುಜರಿಗೋ ಹತ್ತಿರದ ಒಣ ಕಸ ಸಂಗ್ರಹ ಕೇಂದ್ರಕ್ಕೋ ನಾವೇ ಮುಟ್ಟಿಸಬಹುದು. ಬೆಂಗಳೂರಿನ ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ನಾವು ಶುಚಿಯಾಗಿ ಕೊಟ್ಟ ಒಣ ಕಸ ಅವರ ಮನೆಯ ಅಕ್ಕಿಯಾಗುತ್ತದೆ. ಕಸದಿಂದ ರಸ ಎಂಬ ಮಾತು ಅವರ ಪಾಲಿಗೆ ಗಾದೆಯಲ್ಲ, ಬದುಕು.

ಹೊಣೆ ನಮ್ಮೊಬ್ಬರದೇ ಅಲ್ಲ ಎಂಬುದೂ ಸತ್ಯ. ಬಿಡಿಸಲಾಗದ ಪೊಟ್ಟಣಗಳನ್ನು ತಯಾರಿಸಿ ಮಾರುವವರು ಅವನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೇ ಹೇಳಿದವು. ಅದನ್ನು ಅವರಿಂದ ಕೇಳೋಣ. ಆದರೆ ಹೊಣೆಯೆಂಬುದು ರೊಟ್ಟಿಯಂತಲ್ಲ. ಇನ್ನೊಬ್ಬನ ಪಾಲು ದೊಡ್ಡದಾದ ಮಾತ್ರಕ್ಕೆ ನನ್ನ ಪಾಲು ಸಣ್ಣದಾಗುವುದಿಲ್ಲ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಕಸ ಬೇರ್ಪಡಿಸುವುದನ್ನೂ ಹೆಸರಿಸಿ, ಇಂಥ ಪುಟ್ಟ ದಿನನಿತ್ಯದ ಕೆಲಸಗಳ ಹಿರಿಮೆಯನ್ನು ನೆನಪಿಸಿದರು. ವಿಶ್ವಪತ್ರವೊಂದು ಅಡುಗೆಮನೆಯ ಬುಟ್ಟಿಯವರೆಗೆ ಇಳಿದು ಬಂದದ್ದನ್ನು ಕಂಡು ಆಗ ಕೆಲವರು ನಕ್ಕರು. ಆ ಬೆಳಿಗ್ಗೆಯ ನಂತರ ನನಗೆ ನಗು ಬರುವುದಿಲ್ಲ.

ಕುಟುಂಬದಲ್ಲಿ ಒಂದು ಸಂಜೆ ಇದಕ್ಕಾಗಿ ಕುಳಿತುಕೊಳ್ಳಿ. ಮನೆಯ ಒಣ ಕಸದ ಚೀಲವನ್ನು ಹಳೆಯ ಪತ್ರಿಕೆಯೊಂದರ ಮೇಲೆ ಸುರಿದು, ಮಕ್ಕಳ ಜೊತೆಗೆ ಒಂದೊಂದನ್ನೇ ಎತ್ತಿ ನೋಡಿ. ಇದು ಎಲ್ಲಿಗೆ ಹೋಗುತ್ತದೆ, ಇದನ್ನು ಯಾರು ಮುಟ್ಟುತ್ತಾರೆ ಎಂದು ಕೇಳಿಕೊಳ್ಳಿ. ಗೊತ್ತಿಲ್ಲದಿದ್ದರೆ ಮರುದಿನ ಗಾಡಿಯವರನ್ನೇ ಕೇಳಿ. ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಾನೂ ಹಾಗೆ ಕೇಳಿ ಕಲಿತೆ. ಈಗ ನಮ್ಮ ಗುರುನಿವಾಸದಲ್ಲಿ ಒಡೆದ ಗಾಜು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು, ಬೇರೆಯಾಗಿ ಕೈಗೆ ಕೊಡಲ್ಪಡುತ್ತದೆ. ಆಕೆ ಅದನ್ನು ತೆಗೆದುಕೊಂಡು ತಲೆಯಾಡಿಸಿ ಹೋಗುತ್ತಾರೆ. ಬೆರಳಿನ ಮೇಲಿನ ಗೆರೆ ಮಾತ್ರ ಇನ್ನೂ ಮಾಸಿಲ್ಲ.