ಶ್ರಮಪಟ್ಟವರಿಗೆಲ್ಲ ಫಲ ಸಿಗುತ್ತದೆಯೇ?

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಧರ್ಮಕೇಂದ್ರದ ಮನೆಗಳು ಎರಡು ಬಗೆಯಾಗುತ್ತವೆ. ಕೆಲವು ಮನೆಗಳಿಂದ ಸಿಹಿಯ ಪೊಟ್ಟಣ ಗುರುನಿವಾಸಕ್ಕೆ ಬರುತ್ತದೆ. ಇನ್ನು ಕೆಲವು ಮನೆಗಳವರು ಭಾನುವಾರದ ಪೂಜೆ ಮುಗಿದೊಡನೆ ಯಾರ ಕಣ್ಣಿಗೂ ಬೀಳದಂತೆ ಹೊರಟುಹೋಗುತ್ತಾರೆ. ಎರಡನೆಯ ಬಗೆಯ ಮನೆಗಳಿಗೆ ಹೋಗಿ ನಾಲ್ಕು ಮಾತನಾಡುವುದು ನಮ್ಮಂಥವರ ಕೆಲಸ. ಮೂವತ್ತು ವರ್ಷಗಳ ಹತ್ತಿರ ಈ ಕೆಲಸ ಮಾಡಿಕೊಂಡು ಬಂದ ನನ್ನ ಬಾಯಲ್ಲಿ ಒಂದು ವಾಕ್ಯ ಸದಾ ಸಿದ್ಧವಾಗಿರುತ್ತಿತ್ತು: ‘ಪಟ್ಟ ಶ್ರಮಕ್ಕೆ ಫಲ ಸಿಕ್ಕೇ ಸಿಗುತ್ತದೆ.’ ಈ ವಾಕ್ಯವನ್ನು ಪ್ರಬೋಧನೆಯಲ್ಲಿ ಹೇಳಿದ್ದೇನೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಹೇಳಿದ್ದೇನೆ. ಅದು ನಿಜವೇ ಎಂದು ಮಾತ್ರ ಒಮ್ಮೆಯೂ ನಿಂತು ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದವನು ಒಬ್ಬ ಹುಡುಗ. ವೈದ್ಯನಾಗಬೇಕೆಂದು ಎರಡು ವರ್ಷ ಹಗಲಿರುಳು ಓದಿದವನು, ಕೆಲವೇ ಅಂಕಗಳ ಅಂತರದಿಂದ ಸೀಟು ತಪ್ಪಿಸಿಕೊಂಡಿದ್ದ. ಅವನ ತಾಯಿ ನನ್ನ ಮುಂದೆ ಚಹಾ ಇಟ್ಟು, ‘ಇವನು ಏನು ಕಮ್ಮಿ ಮಾಡಿದ ಫಾದರ್?’ ಎಂದು ಕೇಳಿದರು. ನಾನು ನನ್ನ ವಾಕ್ಯವನ್ನು ಹೇಳಿ, ‘ಬಹುಶಃ ಇನ್ನೂ ಸ್ವಲ್ಪ ಶ್ರಮ ಬೇಕಿತ್ತೇನೋ’ ಎಂದು ಸೇರಿಸಿದೆ. ಹುಡುಗ ತಲೆ ಎತ್ತಿ ಕೇಳಿದ: ‘ಹಾಗಾದರೆ ಸೋತವರೆಲ್ಲ ಶ್ರಮಪಡದವರೇ ಫಾದರ್? ಡಿ ಗ್ರಾಫ್‌ಸ್ಖಾಪ್ ಏನು ತಪ್ಪು ಮಾಡಿತ್ತು?’

ಆ ಹೆಸರನ್ನು ನಾನು ಕೇಳಿರಲಿಲ್ಲ. ಹುಡುಗ ನೆಹರೂ ಮೈದಾನದಲ್ಲಿ ಕಾಲ್ಚೆಂಡು ಆಡುವವನು. ಮಳೆಗಾಲದ ಕೆಸರಿನಲ್ಲೂ ಸಂಜೆಯ ಆಟ ತಪ್ಪಿಸದವನು, ದೂರದೇಶದ ತಂಡಗಳ ಕಥೆಯನ್ನೆಲ್ಲ ಬಲ್ಲವನು. ಅವನು ಹೇಳಿದ್ದನ್ನು ಮನೆಗೆ ಬಂದು ಓದಿ ಪರಿಶೀಲಿಸಿದೆ. ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ನೆದರ್ಲೆಂಡ್ಸ್ ದೇಶದ ವೃತ್ತಿಪರ ಕಾಲ್ಚೆಂಡಾಟದಲ್ಲಿ ಎರಡು ದರ್ಜೆಗಳಿವೆ. ಎರಡನೆಯ ದರ್ಜೆಯ ಲೀಗ್‌ನಲ್ಲಿ 20 ತಂಡಗಳು. ಋತುವೊಂದರಲ್ಲಿ ಪ್ರತಿ ತಂಡಕ್ಕೂ 38 ಪಂದ್ಯಗಳು. ಮೊದಲ ಎರಡು ಸ್ಥಾನ ಪಡೆದವರು ನೇರವಾಗಿ ಮೇಲಿನ ದರ್ಜೆಗೆ ಏರುತ್ತಾರೆ. ಅವರ ನಂತರದ ಕೆಲವರು ಅರ್ಹತಾ ಪಂದ್ಯಗಳ ಮೂಲಕ ಪ್ರಯತ್ನಿಸಬೇಕು. 2019–20ರ ಋತುವಿನಲ್ಲಿ 29 ಸುತ್ತುಗಳು ಮುಗಿದಾಗ ಲೇವಾರ್ಡನ್ ಪಟ್ಟಣದ ಕಾಂಬೂರ್ ಮೊದಲ ಸ್ಥಾನದಲ್ಲಿಯೂ ಡೂಟಿಂಖೆಮ್ ಪಟ್ಟಣದ ಡಿ ಗ್ರಾಫ್‌ಸ್ಖಾಪ್ ಎರಡನೆಯ ಸ್ಥಾನದಲ್ಲಿಯೂ ಇದ್ದವು. ಆಗ ಕೊರೋನಾ ಬಂತು. ಮಾರ್ಚ್ ತಿಂಗಳಲ್ಲಿ ಆಟ ನಿಂತಿತು. 2020ರ ಏಪ್ರಿಲ್ 24ರಂದು ಆ ದೇಶದ ಕಾಲ್ಚೆಂಡು ಒಕ್ಕೂಟ ತೀರ್ಮಾನಿಸಿತು: ಈ ವರ್ಷ ಯಾರೂ ಚಾಂಪಿಯನ್ ಅಲ್ಲ, ಯಾರೂ ಮೇಲೇರುವುದಿಲ್ಲ, ಯಾರೂ ಕೆಳಗಿಳಿಯುವುದಿಲ್ಲ. ಒಕ್ಕೂಟ ತಂಡಗಳ ಅಭಿಪ್ರಾಯ ಕೇಳಿದಾಗ 16 ತಂಡಗಳು ಏರಿಳಿತ ನಡೆಯಲಿ ಎಂದಿದ್ದವು, 9 ಬೇಡವೆಂದಿದ್ದವು, 9 ಯಾವ ಕಡೆಗೂ ಮತ ಹಾಕಿರಲಿಲ್ಲ. ಎರಡು ತಂಡಗಳೂ ನ್ಯಾಯಾಲಯದ ಮೊರೆಹೋದವು. ಒಕ್ಕೂಟಕ್ಕೆ ಹಾಗೆ ತೀರ್ಮಾನಿಸುವ ಅಧಿಕಾರವಿದೆಯೆಂದು ಉಟ್ರೆಕ್ಟ್ ನ್ಯಾಯಾಲಯ ಹೇಳಿತು. ಎಂಟು ತಿಂಗಳ ಬೆವರು ಬರಿಯ ಅಂಕಿಯಾಗಿ ಉಳಿಯಿತು.

ಮರುವರ್ಷ ಕಾಂಬೂರ್ 92 ಅಂಕಗಳನ್ನು ಗಳಿಸಿ ಚಾಂಪಿಯನ್ ಆಯಿತು, ಮೇಲಿನ ದರ್ಜೆಗೆ ಏರಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಅನ್ಯಾಯವನ್ನು ಸಹಿಸಿದರು, ಎದೆಗುಂದದೆ ದುಡಿದರು, ಫಲ ಕಂಡರು ಎಂದು ಹೇಳಿ ಕುಳಿತುಕೊಳ್ಳುತ್ತಿದ್ದೆ. ಆದರೆ ಇನ್ನೊಂದು ತಂಡವಿದೆಯಲ್ಲ? ಅದೇ ಅನ್ಯಾಯಕ್ಕೆ ಒಳಗಾದ ಡಿ ಗ್ರಾಫ್‌ಸ್ಖಾಪ್ ಕೂಡ ಎದೆಗುಂದಲಿಲ್ಲ. ಅದೂ ಕೊನೆಯ ಸುತ್ತಿನವರೆಗೆ ಹೋರಾಡಿ, ಋತು ಮುಗಿದಾಗ ಗೋ ಅಹೆಡ್ ಈಗಲ್ಸ್ ತಂಡದಷ್ಟೇ ಅಂಕಗಳನ್ನು ಗಳಿಸಿತ್ತು. ಅಂಕಗಳು ಸಮವಾದಾಗ ಗೋಲುಗಳ ಅಂತರವನ್ನು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಡಿ ಗ್ರಾಫ್‌ಸ್ಖಾಪ್ ಮೂರನೆಯದಾಯಿತು. ಅನಂತರದ ಅರ್ಹತಾ ಪಂದ್ಯಗಳಲ್ಲಿಯೂ ಅದಕ್ಕೆ ಬಾಗಿಲು ತೆರೆಯಲಿಲ್ಲ.

ಒಂದೇ ಪೆಟ್ಟು ತಿಂದ ಇಬ್ಬರು; ಒಬ್ಬನಿಗೆ ಫಲ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಒಬ್ಬನ ಶ್ರಮ ಹೆಚ್ಚು, ಇನ್ನೊಬ್ಬನದು ಕಡಿಮೆ ಎಂದು ನಾವು ಹೇಳುವುದಾದರೆ ಅದು ಕಂಡದ್ದನ್ನು ಹೇಳಿದಂತಲ್ಲ. ಫಲವನ್ನು ನೋಡಿ ಶ್ರಮವನ್ನು ಊಹಿಸಿದಂತೆ. ನನ್ನ ವಾಕ್ಯದ ಗುಟ್ಟು ಇಲ್ಲಿಯೇ ಇತ್ತೆಂದು ನನಗೆ ಆಗ ಹೊಳೆಯಿತು. ನಾವು ಗೆದ್ದವರನ್ನು ಮಾತ್ರ ವೇದಿಕೆಗೆ ಕರೆದು ‘ಹೇಗೆ ಗೆದ್ದಿರಿ?’ ಎಂದು ಕೇಳುತ್ತೇವೆ. ಅವರು ‘ಶ್ರಮಪಟ್ಟೆವು’ ಎನ್ನುತ್ತಾರೆ. ಅದು ಸತ್ಯವೇ. ಆದರೆ ಸೋತವರನ್ನು ಕರೆದು ಕೇಳಿದ್ದರೆ ಅವರಲ್ಲಿ ಅನೇಕರು ಅದೇ ಉತ್ತರವನ್ನು ಕೊಡುತ್ತಿದ್ದರು.

ದೂರದ ದೇಶದ ಮಾತು ನಮಗೇಕೆ ಎನ್ನುವಿರಾದರೆ ನಮ್ಮ ರಾಜ್ಯಕ್ಕೇ ಬರೋಣ. ನಮ್ಮ ದೇಶದಲ್ಲಿ 2022–23ರಿಂದ ಇಂಡಿಯನ್ ಸೂಪರ್ ಲೀಗ್ ಮೊದಲ ದರ್ಜೆಯಾಗಿ, ಅದುವರೆಗೆ ಮೇಲಿದ್ದ ಐ-ಲೀಗ್ ಎರಡನೆಯ ದರ್ಜೆಯಾಯಿತು. ಅದರ ಕೆಳಗೆ ಐ-ಲೀಗ್ 2. 2024ರಲ್ಲಿ ಎಸ್‌ಸಿ ಬೆಂಗಳೂರು ತಂಡ ಆ ಕೆಳಗಿನ ಲೀಗನ್ನು ಗೆದ್ದು ಎರಡನೆಯ ದರ್ಜೆಗೆ ಏರಿತು. 2024–25ರ ಋತುವಿನಲ್ಲಿ ಅಲ್ಲಿ 12 ತಂಡಗಳು, ಪ್ರತಿ ತಂಡಕ್ಕೂ 22 ಪಂದ್ಯಗಳು. ಋತು ಮುಗಿದಾಗ ಕೆಳಗಿಳಿಯಬೇಕಾದ ಎರಡು ತಂಡಗಳಲ್ಲಿ ಎಸ್‌ಸಿ ಬೆಂಗಳೂರು ಒಂದಾಗಿತ್ತು. ಒಂದು ವರ್ಷದ ಹಿಂದೆ ಕಪ್ ಎತ್ತಿದ್ದ ತಂಡ ಹೊರಟ ಜಾಗಕ್ಕೇ ಮರಳಿತು.

ಅಲ್ಲಿಯ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಹನ್ನೆರಡು ಸಾಲುಗಳ ಪಟ್ಟಿಯಲ್ಲಿ ಕೊನೆಯ ಎರಡು ಸಾಲುಗಳು ಇದ್ದೇ ಇರುತ್ತವೆ. ಹನ್ನೆರಡು ತಂಡಗಳೂ ಪ್ರಾಣ ಒತ್ತೆಯಿಟ್ಟು ದುಡಿದರೂ ಇಬ್ಬರು ಇಳಿಯಲೇಬೇಕು. ಎಲ್ಲರೂ ದುಪ್ಪಟ್ಟು ದುಡಿದರೂ ಅಷ್ಟೇ. ಇದು ಗಣಿತ, ಯಾರ ಗುಣದ ಮೇಲೂ ಕೊಟ್ಟ ತೀರ್ಪಲ್ಲ. ನಮ್ಮ ಮಕ್ಕಳ ವಿಷಯವೂ ಹೀಗೆಯೇ. ಸೀಟುಗಳು ಇಷ್ಟೇ ಎಂದು ಮೊದಲೇ ನಿಗದಿಯಾಗಿರುವಾಗ, ಎಲ್ಲ ಮಕ್ಕಳೂ ರಾತ್ರಿ ಎರಡು ಗಂಟೆ ಹೆಚ್ಚು ಓದಿದರೆ ಗೆರೆ ಮೇಲಕ್ಕೆ ಸರಿಯುತ್ತದೆಯೇ ಹೊರತು ಸೀಟು ಹೆಚ್ಚುವುದಿಲ್ಲ. ಗೆರೆಯ ಕೆಳಗೆ ಉಳಿದ ಮಗುವಿಗೆ ‘ನೀನು ಸಾಕಷ್ಟು ಓದಲಿಲ್ಲ’ ಎನ್ನುವುದು ಅನೇಕ ಸಲ ಸುಳ್ಳು. ಮನೆಯವರು ಹೇಳಿದ ಸುಳ್ಳಾದ್ದರಿಂದ ಅದು ಮಗುವಿನ ಮನಸ್ಸಿನಲ್ಲಿ ಆಳವಾಗಿ ಇಳಿಯುತ್ತದೆ.

ಅದೇ ಪಟ್ಟಿಯ ಮೇಲ್ತುದಿಯೂ ಒಂದು ಪಾಠವನ್ನು ಕೊಡುತ್ತದೆ. ಆ ಋತುವಿನ ಪಂದ್ಯಗಳು ಮುಗಿದಾಗ ಗೋವಾದ ಚರ್ಚಿಲ್ ಬ್ರದರ್ಸ್ 40 ಅಂಕಗಳಲ್ಲಿಯೂ ಇಂಟರ್ ಕಾಶಿ 39 ಅಂಕಗಳಲ್ಲಿಯೂ ಇದ್ದವು. ಆಟಗಾರರ ಅರ್ಹತೆಯ ಬಗ್ಗೆ ವಿವಾದಗಳಿದ್ದವು. 2025ರ ಏಪ್ರಿಲ್‌ನಲ್ಲಿ ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಎಂದು ಘೋಷಣೆಯಾಯಿತು. ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಯು ಇಂಟರ್ ಕಾಶಿಯೇ ಚಾಂಪಿಯನ್ ಎಂದಿತು. ಮೈದಾನದಲ್ಲಿ ಆಡಿದ ಆಟ ಆ ಮೂರು ತಿಂಗಳಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾದದ್ದು ಕಾಗದ. ಕಾಗದ ಬೇಡವೆಂದು ನಾನು ಹೇಳುವುದಿಲ್ಲ, ನಿಯಮವಿಲ್ಲದೆ ಆಟವಿಲ್ಲ. ಆದರೆ ಮನುಷ್ಯರು ಬರೆದು, ಮನುಷ್ಯರು ತಿದ್ದುವ ಪಟ್ಟಿಯನ್ನು ಒಬ್ಬನ ಯೋಗ್ಯತೆಯ ಕೊನೆಯ ಮಾತೆಂದು ಭಾವಿಸುವುದು ಸರಿಯೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹುಡುಗನ ತಂದೆಯೇ ಅದನ್ನು ಎತ್ತಿದರು. ‘ಹೀಗೆಲ್ಲ ಹೇಳಿದರೆ ಮಕ್ಕಳು ಓದುವುದನ್ನೇ ಬಿಟ್ಟಾರು ಫಾದರ್. ಶ್ರಮಕ್ಕೂ ಫಲಕ್ಕೂ ಸಂಬಂಧವಿಲ್ಲವೆಂದರೆ ಯಾರು ಶ್ರಮಪಡುತ್ತಾರೆ?’ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ಪರ್ಧೆಯೇ ಬೇಡವೆನ್ನುವವರಿಗೂ ಕಾಲ್ಚೆಂಡಾಟದಲ್ಲೇ ಉತ್ತರವಿದೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದವರು ಕೆಳಗಿಳಿಯಬೇಕೆಂಬ ಭಯವಿರಲಿಲ್ಲ. ಕೇಳಲು ಅದು ಕರುಣೆಯ ನಿಯಮದಂತೆ ತೋರುತ್ತದೆ. ಆದರೆ ಒಳಗಿದ್ದವರು ಬೀಳದಿದ್ದಾಗ ಹೊರಗಿದ್ದವರಿಗೂ ಬಾಗಿಲು ಮುಚ್ಚಿತ್ತು. ಕೆಳಗಿನ ದರ್ಜೆಯನ್ನು ಗೆದ್ದು ಆಟದ ಬಲದಿಂದಲೇ ಮೇಲೇರುವ ದಾರಿ ತೆರೆದದ್ದು 2023ರಲ್ಲಿ, ಪಂಜಾಬಿನ ತಂಡಕ್ಕೆ. ಮರುವರ್ಷ ಆ ದಾರಿಯಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಏರಿತು. ಬೀಳುವ ಭಯವಿಲ್ಲದ ಕಡೆ ಏರುವ ಅವಕಾಶವೂ ಕಿರಿದಾಗುತ್ತದೆ. ಆದುದರಿಂದ ಶ್ರೇಣಿ ಇರಲಿ, ಪರೀಕ್ಷೆ ಇರಲಿ. ನನ್ನ ಪ್ರಶ್ನೆ ಶ್ರೇಣಿಯ ಬಗ್ಗೆಯಲ್ಲ. ಅದಕ್ಕೆ ನಾವು ಕೊಡುವ ಅರ್ಥದ ಬಗ್ಗೆ.

ತಂದೆಯ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯ ಕೃಷಿಕನಲ್ಲಿದೆ. ಮಳೆ ಹಿಡಿಯುವ ಮುನ್ನ ಅವನು ಅಡಿಕೆ ಮರಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾನೆ. ಮಳೆ ಬಿಡುವೇ ಕೊಡದೆ ಸುರಿದ ವರ್ಷ, ಎರಡನೆಯ ಸಿಂಪಡಣೆಗೆ ಅವಕಾಶವೇ ಸಿಗದೆ ಕೊಳೆರೋಗ ಗೊನೆಗಳನ್ನು ಉದುರಿಸುತ್ತದೆ. ಹಾಗೆಂದು ಅವನು ಮರುವರ್ಷ ಸಿಂಪಡಣೆಯನ್ನು ಬಿಡುವುದಿಲ್ಲ; ಕಾಯಿ ಉದುರಿದ ನೆರೆಮನೆಯವನನ್ನು ಸೋಮಾರಿ ಎಂದು ಜರೆಯುವುದೂ ಇಲ್ಲ. ಬಂದರಿನಿಂದ ದೋಣಿ ಇಳಿಸುವವನೂ ಹಾಗೆಯೇ. ಬಲೆ ಬೀಸುವುದು ತನ್ನದು, ಮೀನು ಬರುವುದು ತನ್ನೊಬ್ಬನ ಕೈಯಲ್ಲಿಲ್ಲ ಎಂದು ಅವನಿಗೆ ಗೊತ್ತು. ಶ್ರಮವು ಫಲಕ್ಕೆ ಅಗತ್ಯ, ಆದರೆ ಶ್ರಮವೊಂದೇ ಸಾಲದು. ಈ ಎರಡು ಮಾತುಗಳನ್ನೂ ನಮ್ಮ ಹಿರಿಯರು ಒಟ್ಟಿಗೇ ತಿಳಿದಿದ್ದರು. ನಾವು ಮೊದಲನೆಯದನ್ನು ಮಕ್ಕಳಿಗೆ ಕಲಿಸಿ ಎರಡನೆಯದನ್ನು ಮುಚ್ಚಿಟ್ಟೆವು.

ಮುಚ್ಚಿಟ್ಟದ್ದರ ಹಾನಿ ಸೋತವರಿಗೆ ಮಾತ್ರವಲ್ಲ. ಗೆದ್ದವನು ತನಗೆ ಸಿಕ್ಕಿದ್ದೆಲ್ಲ ತನ್ನ ಶ್ರಮದ ಸಂಬಳವೆಂದು ತಿಳಿದರೆ ಅವನಲ್ಲಿ ಕೃತಜ್ಞತೆ ಬತ್ತುತ್ತದೆ, ಬಿದ್ದವನ ಮೇಲೆ ತಾತ್ಸಾರ ಹುಟ್ಟುತ್ತದೆ. 92 ಅಂಕಗಳ ಕಾಂಬೂರ್ ಕೂಡ 2023ರಲ್ಲಿ ಮತ್ತೆ ಎರಡನೆಯ ದರ್ಜೆಗೆ ಇಳಿಯಿತು. ನಮ್ಮ ರಾಜ್ಯ ತಂಡವನ್ನೇ ನೋಡಿ. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೊಮ್ಮೆ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ಪಡೆಯಿತು. ನಡುವಿನ ಅರ್ಧ ಶತಮಾನದಲ್ಲಿ ನಮ್ಮ ರಾಜ್ಯದ ಅಂಗಿ ತೊಟ್ಟು ಆಡಿ, ಟ್ರೋಫಿಯನ್ನು ಮುಟ್ಟದೆ ನಿವೃತ್ತರಾದ ಆಟಗಾರರೆಲ್ಲ ಶ್ರಮಪಡದವರೇ? ಆಟ ನಿಲ್ಲದಂತೆ ನೋಡಿಕೊಂಡವರು ಅವರೇ ಅಲ್ಲವೇ?

ಹಾಗಾದರೆ ಬಿದ್ದವರಿಗೆ ನಾವು ಏನು ಹೇಳಬೇಕು? ಯೋಬನ ಮೂವರು ಗೆಳೆಯರು ನೆನಪಾಗುತ್ತಾರೆ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದವನ ಬಳಿ ಅವರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ಆಮೇಲೆ ಬಾಯಿ ತೆರೆದು, ನಿನಗೆ ಹೀಗಾಗಿದೆಯೆಂದರೆ ನೀನೇನೋ ತಪ್ಪು ಮಾಡಿರಲೇಬೇಕು ಎಂದು ವಾದಿಸತೊಡಗಿದರು. ಆ ಗ್ರಂಥದ ಕೊನೆಯಲ್ಲಿ ದೇವರು ಗದರಿಸಿದ್ದು ಪ್ರಶ್ನೆ ಕೇಳಿದ ಯೋಬನನ್ನು ಮಾತ್ರವಲ್ಲ, ದೇವರ ಪರವಾಗಿ ಸುಲಭದ ಉತ್ತರ ಕೊಟ್ಟ ಈ ಗೆಳೆಯರ ಮೇಲೆ ಅವರಿಗೆ ಕೋಪವೇ ಬಂತು. ಗುರುಮಠದಲ್ಲಿ ಈ ಗ್ರಂಥವನ್ನು ಓದಿ ಪರೀಕ್ಷೆ ಬರೆದವನು ನಾನು. ಆದರೂ ಆ ಮನೆಯಲ್ಲಿ ಚಹಾದ ಲೋಟ ಹಿಡಿದು ಕುಳಿತಾಗ ನಾನು ಆ ಗೆಳೆಯರ ಸಾಲಿನಲ್ಲೇ ಇದ್ದೆ. ಅವರು ಏಳು ದಿನವಾದರೂ ಸುಮ್ಮನಿದ್ದರು. ನಾನು ಏಳು ನಿಮಿಷವೂ ಸುಮ್ಮನಿರಲಿಲ್ಲ.

ವಾರ ಕಳೆದು ಮತ್ತೆ ಆ ಮನೆಗೆ ಹೋದೆ. ‘ನಾನು ಹೇಳಿದ್ದು ತಪ್ಪು ಮಗಾ. ನೀನು ಕಮ್ಮಿ ಮಾಡಲಿಲ್ಲ’ ಎಂದೆ. ಹುಡುಗ ಉತ್ತರ ಕೊಡಲಿಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ರಾತ್ರಿ ಒಂದು ಗಂಟೆಗೂ ಇವನ ಕೋಣೆಯ ದೀಪ ಉರಿಯುತ್ತಿತ್ತು. ನಾನು ನೋಡಿದ್ದೇನೆ’ ಎಂದರು. ಆ ಮಾತಿಗೆ ಹುಡುಗ ಮೊದಲ ಸಲ ಅತ್ತ. ನಾನು ಮೂವತ್ತು ವರ್ಷ ಹುಡುಕದೆ ಬಿಟ್ಟಿದ್ದ ವಾಕ್ಯ ಆ ತಾಯಿಯ ಬಳಿ ಇತ್ತು.

ಪ್ರಿಯ ಓದುಗರೇ, ಈ ವರ್ಷವೂ ಫಲಿತಾಂಶ ಬರುತ್ತದೆ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಒಂದು ಮಗು ಗೆರೆಯ ಕೆಳಗೆ ಉಳಿಯುತ್ತದೆ. ಅಂದು ಫಲದ ಆಶ್ವಾಸನೆ ಕೊಡಬೇಡಿ. ಅದನ್ನು ನಡೆಸಿಕೊಡುವುದು ನಮ್ಮ ಕೈಯಲ್ಲಿಲ್ಲ. ಕಾರಣವನ್ನೂ ವಿವರಿಸಬೇಡಿ; ಅದು ನಮಗೆ ತಿಳಿದಿಲ್ಲ. ನಿಮಗೆ ತಿಳಿದದ್ದನ್ನು ಮಾತ್ರ ಹೇಳಿ: ‘ನೀನು ಪಟ್ಟ ಶ್ರಮವನ್ನು ನಾವು ನೋಡಿದ್ದೇವೆ.’ ಆ ಮಾತನ್ನು ಸತ್ಯವಾಗಿ ಹೇಳಬೇಕಾದರೆ ಫಲಿತಾಂಶ ಬರುವ ಮೊದಲೇ, ದೀಪ ಉರಿಯುತ್ತಿರುವಾಗಲೇ, ನಾವು ನೋಡಿರಬೇಕಾಗುತ್ತದೆ.