ಒಡವೆಯ ಶುದ್ಧಿ

ಬಂಗಾರದ ಮಟ್ಟವನ್ನು ಒರೆಗಲ್ಲು ಹೇಳುವುದು. ಅದು ಬಂದ ಬಗೆಯನ್ನು ಒರೆಗಲ್ಲು ಹೇಳಲಾರದು. ಭಾರತದಲ್ಲಿ 2021ರ ಜೂನ್ ತಿಂಗಳಿಂದ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಮುದ್ರೆಯು ಹಂತಹಂತವಾಗಿ ಕಡ್ಡಾಯವಾಗಿದೆ. 916 ಎಂಬ ಅಂಕೆಯಿದ್ದರೆ ಸಾವಿರ ಪಾಲಿನಲ್ಲಿ 916 ಪಾಲು ಅಪ್ಪಟ ಚಿನ್ನವೆಂದು ಅರ್ಥ. ಕೊಳ್ಳುವವನು ಮೋಸಹೋಗದಂತೆ ಕಾಯುವ ಈ ಮುದ್ರೆಯು ಸ್ತುತ್ಯವೇ ಸರಿ. ಆದರೆ ಆ ಚಿನ್ನವನ್ನು ಅಗೆದವನೂ ಬೆಸೆದವನೂ ನೊಂದಿಲ್ಲವೆಂಬುದಕ್ಕೆ ಮುದ್ರೆ ಎಲ್ಲಿದೆ?

ಅಗೆದವನ ನೋವಿಗೆ ಕೋಲಾರದ ಗಣಿಗಳೇ ಸಾಕ್ಷಿ. 1880ರ ದಶಕದಿಂದ ಯಂತ್ರಗಳ ಬಲದಿಂದ ನಡೆದ ಅಗೆತವು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಮಡಿದವರುಂಟು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲಸಿ ಬಳಲಿದವರುಂಟು. 2001ರಲ್ಲಿ ಗಣಿಯು ಮುಚ್ಚಿತು. ಚಿನ್ನವು ದೂರದೂರದ ಕೊರಳುಗಳನ್ನು ಸೇರಿತು. ಸೈನೈಡ್ ದ್ರಾವಣದಿಂದ ಚಿನ್ನವನ್ನು ತೆಗೆದುಳಿದ ಹುಡಿಯು ಗುಡ್ಡಗಳಾಗಿ ಅಲ್ಲಿಯೇ ನಿಂತಿತು. ಗಾಳಿ ಬೀಸಿದಾಗ ಆ ಧೂಳು ಅಲ್ಲಿಯ ಮನೆಗಳ ಮೇಲೆ ಕವಿಯುವುದು.

ಬೆಸೆದವನ ಕಥೆಯೂ ಇಂಥದೇ. ಹಲವು ವರ್ಷಗಳ ಕಾಲ ಕೊಳ್ಳುವವರು ‘ಕೆಡಿಎಂ’ ಒಡವೆಯನ್ನೇ ಶುದ್ಧವೆಂದು ಬಯಸಿದರು. ಆ ಹೆಸರು ಬಂದುದು ಬೆಸುಗೆಗೆ ಬೆರೆಸುವ ಕ್ಯಾಡ್ಮಿಯಂ ಲೋಹದಿಂದ. ಬೆಸೆಯುವಾಗ ಕ್ಯಾಡ್ಮಿಯಂ ಆವಿಯಾಗಿ ಹೋಗುವುದರಿಂದ ಒಡವೆಯ ಮಟ್ಟವು ಕುಂದದು. ಆದರೆ ಆ ವಿಷದ ಆವಿಯು ಊದುಕೊಳವೆ ಹಿಡಿದವನ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುವುದು. ಒಡವೆಯು ಕಳೆದುಕೊಂಡ ಕಲ್ಮಷವನ್ನು ಅದನ್ನು ಮಾಡಿದವನು ಉಸಿರಾಡಿದನು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆಯು ಭಕ್ತರೆಲ್ಲರಿಗೂ ತಿಳಿದುದು. ಆ ಅಕ್ಕಿಯಲ್ಲಿ ಕಲ್ಲಿದೆಯೆಂದು ಆಕೆ ದೂರಲಿಲ್ಲ. ಆಕೆ ಪರೀಕ್ಷಿಸಿದುದು ಕಾಳನ್ನಲ್ಲ, ಅದು ಮನೆಗೆ ಬಂದ ದಾರಿಯನ್ನು. ವಸ್ತುವು ಶುದ್ಧವಾಗಿದ್ದು ದಾರಿಯು ಅಶುದ್ಧವಾಗಿದ್ದರೆ ಅದು ದಾಸೋಹಕ್ಕೆ ಸಲ್ಲದೆಂಬುದೇ ಆಕೆಯ ನಿಲುವು. ಅಕ್ಕಿಗೆ ಸಲ್ಲುವ ಈ ಮಾತು ಬಂಗಾರಕ್ಕೇಕೆ ಸಲ್ಲಬಾರದು?

ಹಾಗಾದರೆ ಒಡವೆಯನ್ನೇ ತೊರೆಯಬೇಕೆ? ಬೇಕಿಲ್ಲ. ಚಿನ್ನವು ತುಕ್ಕು ಹಿಡಿಯದ, ಎಷ್ಟು ಬಾರಿ ಕರಗಿಸಿದರೂ ಗುಣ ಕೆಡದ ಲೋಹ. ಅಜ್ಜಿಯ ಸರವನ್ನು ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸಿದರೆ ಅಷ್ಟರಮಟ್ಟಿಗೆ ಭೂಮಿಯನ್ನು ಅಗೆಯುವುದು ತಪ್ಪುವುದು. ಅಂಗಡಿಯ ಕಸವನ್ನೂ ಜಾಲಿಸಿ ಚಿನ್ನದ ಕಣವನ್ನು ಉಳಿಸಿಕೊಳ್ಳುವ ಅಕ್ಕಸಾಲಿಗರ ಮಿತವ್ಯಯವು ಕೊಳ್ಳುವವರಿಗೂ ಪಾಠವಾಗಬೇಕು. ಹೊಸದನ್ನು ಕೊಳ್ಳಲೇಬೇಕಾದಾಗ, ಈ ಚಿನ್ನವು ಎಲ್ಲಿಯದು, ಮಾಡಿದವನಿಗೆ ತಕ್ಕ ಕೂಲಿ ದೊರೆಯಿತೆ, ಅವನು ಕುಳಿತಲ್ಲಿ ಹೊಗೆ ಹೊರಹೋಗಲು ದಾರಿಯುಂಟೆ ಎಂದು ಕೇಳಬೇಕು. ಇಷ್ಟಲಿಂಗಕ್ಕೆ ಬೆಳ್ಳಿಯ ಕರಡಿಗೆ ಮಾಡಿಸುವ ಭಕ್ತನಂತೂ ಎಲ್ಲರಿಗಿಂತ ಮೊದಲು ಕೇಳಬೇಕು.

ಅಂಗಡಿಯವನಿಗೆ ಇಂದು ಉತ್ತರ ತಿಳಿಯದಿರಬಹುದು. ಹತ್ತು ಜನ ಕೇಳಿದರೆ, ಹನ್ನೊಂದನೆಯವನು ಬರುವಷ್ಟರಲ್ಲಿ ಅವನು ಉತ್ತರವನ್ನು ಹುಡುಕಿಟ್ಟಿರುವನು.