ಹೆಣ್ಣುಮಗುವಿನ ಎರಡನೆಯ ಹೆಸರು

ಷೋಡಶ ಸಂಸ್ಕಾರಗಳಲ್ಲಿ ನಾಮಕರಣಕ್ಕಿರುವ ಸ್ಥಾನವು ಆಸ್ತಿಕರಿಗೆ ವಿದಿತವಾದುದೇ ಆಗಿದೆ. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಬಂಗಾರದ ಉಂಗುರದಿಂದ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮಗಳನ್ನು ಬರೆದು, ಶಿಶುವಿನ ಕಿವಿಯಲ್ಲಿ ಉಚ್ಚರಿಸುವ ಪದ್ಧತಿಯು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮಾಧ್ವ ಮನೆಗಳಲ್ಲಿ ಇಂದಿಗೂ ನಡೆದುಬರುತ್ತಿದೆ. ಆದರೆ ಈಚೆಗೆ ತರುಣ ದಂಪತಿಗಳು ಪುರೋಹಿತರಲ್ಲಿ ಹೊಸದೊಂದು ಪ್ರಶ್ನೆಯನ್ನು ತರುತ್ತಿದ್ದಾರೆ: “ಮಗುವಿಗೆ ಅನನ್ಯಾ ಎಂದು ನಿಶ್ಚಯಿಸಿದ್ದೇವೆ, ಅದಕ್ಕೆ ಹೊಂದುವ ನಡುವಿನ ಹೆಸರೊಂದನ್ನು ಹೇಳಿ.” ಅರ್ಜಿಗಳಲ್ಲಿ ಮೂರು ಹೆಸರಿಗೆ ಮೂರು ಸ್ಥಳಗಳಿರುವುದೇ ಈ ಪ್ರಶ್ನೆಯ ಮೂಲವೆಂದು ತೋರುತ್ತದೆ. ನಮ್ಮ ಕಡೆಯ ಹಳೆಯ ಕ್ರಮದಲ್ಲಿ ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ ಇದ್ದರೆ ಸಾಕಾಗುತ್ತಿತ್ತು. ನಡುವೆ ತುಂಬಬೇಕಾದ ಸ್ಥಳವೇ ಇರಲಿಲ್ಲ.

ಹೊಂದುವುದೆಂದರೆ ಯಾವುದಕ್ಕೆ ಹೊಂದಬೇಕು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಕಿವಿಗೆ ಹಿತವಾಗಿರಬೇಕೆಂಬುದು ಅಶಾಸ್ತ್ರೀಯವೇನೂ ಅಲ್ಲ. ಸ್ತ್ರೀಯರ ಹೆಸರು ಸುಲಭವಾಗಿ ಉಚ್ಚರಿಸಲು ಬರುವಂತಹುದೂ, ಕ್ರೂರವಲ್ಲದುದೂ, ಸ್ಪಷ್ಟಾರ್ಥವುಳ್ಳದ್ದೂ, ಮಂಗಳಕರವೂ, ದೀರ್ಘಸ್ವರಾಂತವೂ ಆಗಿರಬೇಕೆಂದು ಮನುಸ್ಮೃತಿಯು ಹೇಳುತ್ತದೆ. ಆಶ್ವಲಾಯನ ಗೃಹ್ಯಸೂತ್ರವು ಹೆಣ್ಣುಮಕ್ಕಳ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರಗಳನ್ನು ವಿಧಿಸುತ್ತದೆ. ಇಂದಿರಾ, ಭಾರತೀ, ರುಕ್ಮಿಣೀ ಎಂಬಿವು ಈ ಎಣಿಕೆಗೆ ಸಲ್ಲುತ್ತವೆ. ರಮಾ, ಸೀತಾ ಎಂಬಿವು ಸಲ್ಲುವುದಿಲ್ಲ. ಆದರೂ ಸೀತೆಯ ಹೆಸರನ್ನು ಯಾರೂ ಬಿಡಲಿಲ್ಲ. ಸೀತಾ ಎಂಬುದು ಸೀತಮ್ಮ ಎಂದಾದಾಗ ಮೂರಕ್ಷರ ತಾನಾಗಿಯೇ ಕೂಡಿಬಂದಿತೆಂದು ವಿನೋದಪ್ರಿಯರು ಹೇಳಬಹುದು. ನಕ್ಷತ್ರ, ವೃಕ್ಷ, ನದಿಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದೂ ಮನುವೇ ಹೇಳಿರುವನು. ಅದನ್ನು ಅಕ್ಷರಶಃ ಅನುಸರಿಸಿದ್ದರೆ ನಮ್ಮ ಮನೆಗಳಲ್ಲಿ ರೋಹಿಣಿ, ತುಳಸಿ, ಗಂಗಾ, ಗೋದಾವರಿ ಎಂಬವರು ಇರುತ್ತಲೇ ಇರಲಿಲ್ಲ. ಈ ವಿಷಯದಲ್ಲಿ ಶಿಷ್ಟರು ಭಕ್ತಿಯನ್ನೇ ಪ್ರಮಾಣವಾಗಿ ಇಟ್ಟುಕೊಂಡರೆಂದು ನಾವು ಭಾವಿಸುತ್ತೇವೆ. ನಮ್ಮ ಜಿಲ್ಲೆಯಲ್ಲಿಯೇ ಹುಟ್ಟುವ ಪಿನಾಕಿನಿ, ಚಿತ್ರಾವತಿ, ಪಾಪಘ್ನಿಗಳ ಹೆಸರನ್ನು ಮಾತ್ರ ಹೆಚ್ಚು ಮಂದಿ ಇಡದಿರುವುದು ಒಂದು ಸೋಜಿಗ.

ಇನ್ನೊಂದು ಆಕ್ಷೇಪವು ತತ್ತ್ವವನ್ನು ಬಲ್ಲವರಿಂದಲೇ ಬರುತ್ತದೆ. ಸಮನ್ವಯಾಧ್ಯಾಯದಲ್ಲಿ ಶ್ರೀಮದಾಚಾರ್ಯರು ಸಮಸ್ತ ಶಬ್ದಗಳಿಗೂ ಶ್ರೀಹರಿಯೇ ಪರಮಮುಖ್ಯವಾಚ್ಯನೆಂದು ಸಾಧಿಸಿರುವಾಗ, ಅನನ್ಯಾ ಎಂದರೇನು, ಲಕ್ಷ್ಮೀ ಎಂದರೇನು, ಎಲ್ಲವೂ ಅವನ ಹೆಸರೇ ಅಲ್ಲವೆ? ತಾತ್ತ್ವಿಕವಾಗಿ ಸತ್ಯವೇ. ಆದರೆ ವಿದ್ವದ್ರೂಢಿಗೂ ಅಜ್ಞರೂಢಿಗೂ ಭೇದವನ್ನು ಹೇಳಿದವರೂ ನಮ್ಮವರೇ. ಒಲೆಯ ಮೇಲೆ ಹಾಲನ್ನಿಟ್ಟು ಮಗುವನ್ನು ಕೂಗುವ ತಾಯಿಗೆ ಆ ಕ್ಷಣದಲ್ಲಿ ಶಬ್ದವೃತ್ತಿಯ ವಿಚಾರಕ್ಕೆ ಅವಕಾಶವೆಲ್ಲಿದೆ? ಕೂಗಿದೊಡನೆ ದೇವರ ನೆನಪನ್ನು ತಾನಾಗಿ ತರುವಷ್ಟು ಪ್ರಸಿದ್ಧವಾದ ಹೆಸರು ಅವಳಿಗೆ ಬೇಕು.

ಭಾಗವತದ ಷಷ್ಠಸ್ಕಂಧದ ಅಜಾಮಿಳೋಪಾಖ್ಯಾನವನ್ನು ಇಲ್ಲಿ ಸ್ಮರಿಸತಕ್ಕದ್ದು. ಹತ್ತು ಮಕ್ಕಳಲ್ಲಿ ಕಿರಿಯವನಿಗೆ ಅವನು ನಾರಾಯಣನೆಂದು ಹೆಸರಿಟ್ಟನು. ತಾನು ಉಣ್ಣುವಾಗಲೂ ಕುಡಿಯುವಾಗಲೂ ಆ ಮಗುವನ್ನೇ ಕರೆಯುತ್ತಿದ್ದನು. ಭಕ್ತಿಯಿಲ್ಲದ ಬರಿಯ ಶಬ್ದದಿಂದ ಮುಕ್ತಿಯೆಂಬ ಅಗ್ಗದ ಅರ್ಥವನ್ನು ನಮ್ಮ ಸಿದ್ಧಾಂತವು ಒಪ್ಪದು. ಆದರೂ ಕಥೆಯಲ್ಲಿ ಒಂದು ಅಂಶವು ಸ್ಪಷ್ಟವಾಗಿದೆ. ಆ ಹೆಸರು ಅವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿದ್ದುದರಿಂದಲೇ ಅಂತ್ಯಕಾಲದಲ್ಲಿಯೂ ಬಂದಿತು. ಆ ಹುಡುಗನಿಗೆ ನಾರಾಯಣನೆಂಬುದು ಕಾಗದದ ಮೇಲಿನ ನಡುವಿನ ಹೆಸರಾಗಿದ್ದು, ಮನೆಯಲ್ಲಿ ಬೇರಾವುದೋ ಮುದ್ದಿನ ಹೆಸರಿನಿಂದ ಕರೆಯುತ್ತಿದ್ದರೆ ಉಪಾಖ್ಯಾನವೇ ಇರುತ್ತಿರಲಿಲ್ಲ. ದೇವರ ಹೆಸರನ್ನು ನಡುವಿನಲ್ಲಿಟ್ಟು, ಒಮ್ಮೆಯೂ ಕರೆಯದೆ, ‘ಸಂಪ್ರದಾಯಕ್ಕೂ ಆಯಿತು, ನವೀನತೆಗೂ ಆಯಿತು’ ಎಂದು ಸಮಾಧಾನ ಹೊಂದುವ ಮಾತಾಪಿತೃಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ವಿನಂತಿ.

ಆದರೆ ಕರೆಯದೆ ಬಿಡುವ ದೋಷವು ಹೊಸಬರದು ಮಾತ್ರವಲ್ಲ. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಬಹುಕಾಲದ ರೂಢಿ. ಅತ್ತೆಯ ಹೆಸರನ್ನು ಸೊಸೆಯು ಬಾಯಿಬಿಟ್ಟು ಹೇಳಬಾರದೆಂಬುದೂ ರೂಢಿ. ಎರಡೂ ಒಂದೇ ತೊಟ್ಟಿಲಿನಲ್ಲಿ ಸೇರಿದಾಗ, ಪದ್ಮಾವತಿಯೆಂದು ಅಕ್ಕಿಯಲ್ಲಿ ಬರೆದ ಮಗುವನ್ನು ತಾಯಿ ಪುಟ್ಟಿಯೆಂದೋ ಪಾಪಕ್ಕನೆಂದೋ ಕರೆಯುವಳು. ಅಜ್ಜಿಯ ಹೆಸರು ಮನೆಯಲ್ಲಿದ್ದೂ ಯಾರ ಕಿವಿಗೂ ಬೀಳದು. ಗೌರವದಿಂದ ಹುಟ್ಟಿದ ಮೌನ ಇದು, ನಿಜ. ಆದರೆ ಆ ಹಿರಿಯರನ್ನು ನೆನೆಯುವುದಕ್ಕಾಗಿಯೇ ಹೆಸರಿಟ್ಟ ಮೇಲೆ ಮಗುವಿನ ಮೂಲಕವಾದರೂ ಅದನ್ನು ಉಚ್ಚರಿಸುವುದರಲ್ಲಿ ಯಾವ ಅವಿಧೇಯತೆಯೂ ಇಲ್ಲವೆಂದು ನಮ್ಮ ಅಭಿಪ್ರಾಯ.

ಚಿಂತಾಮಣಿಗೆ ಸಮೀಪದ ಕೈವಾರವನ್ನು ಜನರು ಏಕಚಕ್ರಪುರವೆಂದು ನಂಬಿದ್ದಾರೆ. ಭೀಮಸೇನದೇವರು ಬಕನನ್ನು ಸಂಹರಿಸಿದ ಸ್ಥಳವೆಂದು ತೋರಿಸುತ್ತಾರೆ. ಏಕಚಕ್ರದಿಂದ ಹೊರಟ ಪಾಂಡವರು ಪಾಂಚಾಲಕ್ಕೆ ಹೋಗಿ ಸ್ವಯಂವರದಲ್ಲಿ ಪಡೆದುದು ಭಾರತೀದೇವಿಯ ಅವತಾರವಾದ ದ್ರೌಪದೀದೇವಿಯನ್ನು. ಆಕೆಯ ಹೆಸರುಗಳನ್ನು ಬಿಡಿಸಿ ನೋಡಿರಿ. ದ್ರೌಪದಿಯೆಂದರೆ ದ್ರುಪದನ ಮಗಳು. ಯಾಜ್ಞಸೇನಿಯೆಂದರೂ ಅಷ್ಟೇ, ಯಜ್ಞಸೇನನೆಂಬುದು ದ್ರುಪದನದೇ ಇನ್ನೊಂದು ಹೆಸರು. ಪಾಂಚಾಲಿಯೆಂಬುದು ದೇಶದಿಂದ ಬಂದುದು. ನಮ್ಮ ಹುಡುಗಿಯರ ಹೆಸರಿನ ಹಿಂದುಮುಂದಿನ ಊರು, ತಂದೆ ಎಂಬ ಅಕ್ಷರಗಳಂತೆಯೇ ಇವೆಲ್ಲ ಸಂಬಂಧವನ್ನು ಹೇಳುವ ಹೆಸರುಗಳು. ಆಕೆಯದೇ ಆದುದು ಕೃಷ್ಣಾ ಎಂಬುದೊಂದೇ. ಶ್ಯಾಮಲವರ್ಣವನ್ನು ಕಂಡು ಇಟ್ಟ ಆ ಹೆಸರು ಸ್ವಾಮಿಯ ಹೆಸರೂ ಹೌದು. ಅದು ಆಕೆಗೆ ವಿವಾಹಾನಂತರವೂ, ವನವಾಸದಲ್ಲಿಯೂ ಉಳಿಯಿತು.

ಇದನ್ನು ಹೇಳಲು ಕಾರಣವಿದೆ. ವಿವಾಹದಲ್ಲಿ ವರನು ಅಕ್ಕಿಯಲ್ಲಿ ವಧುವಿಗೆ ಬೇರೆ ಹೆಸರನ್ನು ಬರೆಯುವ ರೂಢಿಯು ನಮ್ಮ ಹಲವು ಮನೆಗಳಲ್ಲಿತ್ತು. ಅತ್ತೆಗೋ ನಾದಿನಿಗೋ ಅದೇ ಹೆಸರಿದ್ದರಂತೂ ಬದಲಾವಣೆ ತಪ್ಪುತ್ತಿರಲಿಲ್ಲ. ಇಪ್ಪತ್ತು ವರ್ಷ ತಿರುಗಿ ನೋಡುತ್ತಿದ್ದ ಹೆಸರನ್ನು ಒಂದು ಮಧ್ಯಾಹ್ನದಲ್ಲಿ ಬಿಡಬೇಕಾದವಳ ಮನಸ್ಸನ್ನು ಯಾರೂ ವಿಚಾರಿಸಲಿಲ್ಲ. ತಂದೆಯ ಹೆಸರು ನಡುವಿನಲ್ಲಿದ್ದರೆ, ಅದನ್ನು ತೆಗೆದು ಗಂಡನದನ್ನು ಬರೆಯುವ ಪ್ರಸಂಗವೂ ಬರುತ್ತದೆ. ಆದ್ದರಿಂದ ನಡುವಿನ ಸ್ಥಳವನ್ನು ತುಂಬಲೇಬೇಕೆಂದಿದ್ದರೆ, ಅಲ್ಲಿ ಯಾರೂ ಮುಂದೆ ತೆಗೆಯಬೇಕಾಗದ ಹೆಸರನ್ನು ಇಡುವುದು ಯುಕ್ತ. ರಮಾ, ಭಾರತೀ, ಕೃಷ್ಣಾ ಎಂಬಂತಹುದಿರಲಿ. ಅದನ್ನು ಮನೆಯಲ್ಲಿ ಕರೆಯುವಂತಿರಲಿ. ಅನನ್ಯಾ ಎಂಬುದರೊಡನೆ ಪ್ರಾಸವು ಕೂಡದಿದ್ದರೆ ಚಿಂತೆಯಿಲ್ಲ.

ಅವಸರಕ್ಕೂ ಕಾರಣವಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕಾದರೂ, ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಕ್ಟೋಬರ್ 1, 2023ರಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು ಮುಂತಾದುವಕ್ಕೆ ಈ ಜನನಪತ್ರವೇ ಆಧಾರವಾದುದರಿಂದ, ಅಕ್ಕಿಯಲ್ಲಿ ಬರೆದುದೂ ಪತ್ರದಲ್ಲಿ ಬರೆದುದೂ ಒಂದೇ ಆಗಿರುವಂತೆ ನೋಡಿಕೊಳ್ಳತಕ್ಕದ್ದು. ಮನೆಯಲ್ಲಿ ಅಜ್ಜಿಯವರು ಜೀವಂತರಿದ್ದರೆ, ಹೆಸರನ್ನು ನಿಶ್ಚಯಿಸುವ ಮೊದಲು ಅವರ ಬಳಿ ಕುಳಿತು, ಮದುವೆಗೆ ಮುಂಚೆ ತವರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥